ಹಸುಗೂಸುಗಳ ಸಾವು ತಪ್ಪಿಸಲು ಒಂದು ಸಣ್ಣ ಸಂಘ ಏನು ಮಾಡಬಹುದು?

ಪ್ರಶ್ನೆ: ನಮ್ಮದು ಸ್ವಯಂಸೇವಕರ ಸಣ್ಣ ಸಂಘ. ತಾಯಿ-ಮಗುವಿನ ಆರೋಗ್ಯದ ಬಗ್ಗೆ ಶಿಬಿರ ಮಾಡುತ್ತೇವೆ, ಕರಪತ್ರ ಹಂಚುತ್ತೇವೆ, ಹೆರಿಗೆಯಾದವರಿಗೆ ಬಟ್ಟೆ ಮತ್ತು ಸೋಪು ಇರುವ ಕಿಟ್ ಕೊಡುತ್ತೇವೆ. ಹತ್ತಿರದಲ್ಲೇ ಆಸ್ಪತ್ರೆ ಇದೆ, ಸರ್ಕಾರದ ಕಾರ್ಯಕ್ರಮಗಳೂ ಇವೆ. ಆದರೂ ವರ್ಷ ತುಂಬುವ ಮುಂಚೆ ಮಕ್ಕಳು ಸಾಯುವುದು ನಿಂತಿಲ್ಲ. ಈಗ ದಾನಿಯೊಬ್ಬರು ಹಣ ಕೊಡಲು ಮುಂದೆ ಬಂದಿದ್ದಾರೆ. ಆಸ್ಪತ್ರೆಗೆ ಯಂತ್ರ ಕೊಡಿಸೋಣ ಎಂದು ಕೆಲವರು, ಜಾಗೃತಿ ಕಾರ್ಯಕ್ರಮ ಹೆಚ್ಚಿಸೋಣ ಎಂದು ಕೆಲವರು. ಆರೋಗ್ಯ ಇಲಾಖೆಯ ಜೊತೆ ಸೇರಿ ಏನು ಮಾಡಿದರೆ ನಿಜವಾಗಿ ಸಾವು ಕಡಿಮೆಯಾಗುತ್ತದೆ?

ಉತ್ತರ: ಆ ಹಣವನ್ನು ಕೆಲವು ತಿಂಗಳು ಮುಟ್ಟಬೇಡಿ. ಯಂತ್ರವೋ ಜಾಗೃತಿಯೋ ಎಂದು ತೀರ್ಮಾನಿಸುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಕಳೆದ ಎರಡು ವರ್ಷಗಳಲ್ಲಿ ನಿಮ್ಮ ಕಡೆ ತೀರಿಕೊಂಡ ಒಂದೊಂದು ಮಗುವಿನ ಬಗ್ಗೆಯೂ ವಿಚಾರಿಸಿ. ಹುಟ್ಟಿದ ಎಷ್ಟನೇ ದಿನ ಹೋಯಿತು? ಮನೆಯಲ್ಲೋ, ದಾರಿಯಲ್ಲೋ, ಆಸ್ಪತ್ರೆಯಲ್ಲೋ? ಮಗುವಿಗೆ ಹುಷಾರಿಲ್ಲ ಎಂದು ಮೊದಲು ಯಾರಿಗೆ ಅನ್ನಿಸಿತು, ಆಮೇಲೆ ಗಂಟೆಗಂಟೆಗೂ ಏನಾಯಿತು? ಇದು ಗೊತ್ತಿಲ್ಲದೆ ಯಾವ ಕಾರ್ಯಕ್ರಮ ಆರಿಸಿದರೂ ಅದು ಬರೀ ಅಂದಾಜು.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಶಿಶು ಮರಣ ಪ್ರಮಾಣ ಎನ್ನುವುದು ಒಂದೇ ಸಂಖ್ಯೆ. ಜೀವಂತವಾಗಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಎಷ್ಟು ಮಕ್ಕಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಾರೆ ಎಂಬ ಲೆಕ್ಕ ಅದು. ಆ ಒಂದೇ ಸಂಖ್ಯೆಯೊಳಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಸಾವುಗಳು ಸೇರಿಕೊಂಡಿವೆ. 2022ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 49 ಲಕ್ಷ ಮಕ್ಕಳು ಸತ್ತರು. ಅವರಲ್ಲಿ ಸುಮಾರು 23 ಲಕ್ಷ ಮಕ್ಕಳಿಗೆ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ. ಹೀಗೆ ಮೊದಲ ತಿಂಗಳಲ್ಲಿ ಸಾಯುವ ಮಕ್ಕಳಲ್ಲಿ ಮೂರನೇ ಒಂದು ಭಾಗದಷ್ಟು ಹುಟ್ಟಿದ ದಿನವೇ ಹೋಗುತ್ತವೆ. ಮುಕ್ಕಾಲು ಪಾಲು ಒಂದು ವಾರ ದಾಟುವುದಿಲ್ಲ.

ಹುಟ್ಟಿದ ದಿನ ಸಾಯುವ ಮಗು ಹೆಚ್ಚಾಗಿ ದಿನ ತುಂಬುವ ಮೊದಲೇ ಹುಟ್ಟಿರುತ್ತದೆ, ಇಲ್ಲವೇ ಹೆರಿಗೆಯ ಹೊತ್ತಿಗೆ ಅದಕ್ಕೆ ಉಸಿರುಗಟ್ಟಿರುತ್ತದೆ. ಮೊದಲ ವಾರ ದಾಟಿದ ಮೇಲೆ ನಂಜು ಮುಂದೆ ಬರುತ್ತದೆ. ತಿಂಗಳು ಕಳೆದ ಮೇಲೆ ನ್ಯುಮೋನಿಯಾ, ಭೇದಿ, ಕೆಲವು ಪ್ರದೇಶಗಳಲ್ಲಿ ಮಲೇರಿಯಾ. ಈಗ ನಿಮ್ಮ ಶಿಬಿರ ಮತ್ತು ಕಿಟ್ ಬಗ್ಗೆ ಯೋಚಿಸಿ. ನಿಮ್ಮ ಕಡೆಯ ಸಾವುಗಳಲ್ಲಿ ಅರ್ಧದಷ್ಟು ಮೊದಲ ಎರಡು ದಿನದಲ್ಲಿ ಆಗುತ್ತಿದ್ದರೆ, ಹತ್ತನೇ ದಿನ ಕೈಗೆ ಸಿಗುವ ಕಿಟ್ ಆ ಮಕ್ಕಳ ಮಟ್ಟಿಗೆ ಏನೂ ಮಾಡಲಾರದು. ಕಿಟ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದು ತಡವಾಗಿ ಬರುತ್ತದೆ, ಅಷ್ಟೇ.

ಮನೆಮನೆಗೆ ಹೋಗಿ ತಾಯಂದಿರನ್ನೇ ಕೇಳುವ ಈ ಕ್ರಮಕ್ಕೆ ನೂರು ವರ್ಷಕ್ಕೂ ಹೆಚ್ಚು ಇತಿಹಾಸವಿದೆ. ಅಮೆರಿಕದಲ್ಲಿ 1912ರಲ್ಲಿ ಮಕ್ಕಳಿಗಾಗಿಯೇ ಒಂದು ಸರ್ಕಾರಿ ಬ್ಯೂರೋ ಶುರುವಾಯಿತು. ಜೂಲಿಯಾ ಲ್ಯಾಥ್ರಪ್ ಎಂಬ ಮಹಿಳೆ ಅದರ ಮೊದಲ ಮುಖ್ಯಸ್ಥೆ. ಅವರು ಕೈಗೆತ್ತಿಕೊಂಡ ಮೊದಮೊದಲ ಕೆಲಸಗಳಲ್ಲಿ ಒಂದು, ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ 1913ರಲ್ಲಿ ನಡೆಸಿದ ಅಧ್ಯಯನ. ಸಾವಿನ ಪಟ್ಟಿಗೆ ಬದಲು ಹುಟ್ಟಿದ ಮಕ್ಕಳ ಪಟ್ಟಿ ಹಿಡಿದು ಮನೆಮನೆಗೆ ಹೋದರು. ಬದುಕಿದ ಮಗುವಿನ ಮನೆಗೂ ಹೋದರು, ಸತ್ತ ಮಗುವಿನ ಮನೆಗೂ ಹೋದರು. ಅಪ್ಪನ ಸಂಬಳ ಕಡಿಮೆ ಇದ್ದ ಮನೆಗಳಲ್ಲಿ ಮಕ್ಕಳ ಸಾವು ತುಂಬಾ ಜಾಸ್ತಿ ಎನ್ನುವುದು ಕಣ್ಣಿಗೆ ಹೊಡೆಯುವಂತೆ ಕಾಣಿಸಿತು. ತಾಯಂದಿರಿಗೆ ತಿಳುವಳಿಕೆ ಇಲ್ಲದ್ದಕ್ಕೇ ಮಕ್ಕಳು ಸಾಯುತ್ತವೆ ಎಂದು ನಂಬಿದ್ದವರಿಗೆ ಅದು ದೊಡ್ಡ ಉತ್ತರ. ನೀವೂ ಹೀಗೇ ಮಾಡಿ. ಸತ್ತ ಮಕ್ಕಳ ಜೊತೆಗೆ, ಅದೇ ಕಷ್ಟಕ್ಕೆ ಸಿಕ್ಕಿ ಉಳಿದುಕೊಂಡ ಮಕ್ಕಳ ಕತೆಯನ್ನೂ ಕೇಳಿ. ಆ ಮಗು ಹೇಗೆ ಉಳಿಯಿತು ಎನ್ನುವುದರಲ್ಲಿ ನಿಮಗೆ ಬೇಕಾದ ದಾರಿ ಸಿಗಬಹುದು.

ಕೇಳುವ ರೀತಿಯ ಬಗ್ಗೆ ಒಂದು ಮಾತು. ಮಗು ಕಳೆದುಕೊಂಡ ತಾಯಿಯ ಮುಂದೆ ಕೂರುವುದು ಸುಲಭದ ಕೆಲಸವಲ್ಲ. ಫಾರಂ ಹಿಡಿದು ಟಿಕ್ ಹಾಕುತ್ತಾ ಹೋಗುವವರನ್ನು ದಯವಿಟ್ಟು ಕಳಿಸಬೇಡಿ. ಹೋಗುವವರು ಸುಮ್ಮನೆ ಕೂತು ಕೇಳಬಲ್ಲವರಾಗಿರಲಿ. 'ಯಾಕೆ ಬೇಗ ಕರೆದುಕೊಂಡು ಹೋಗಲಿಲ್ಲ?' ಎಂಬ ಪ್ರಶ್ನೆ ಅವರ ಬಾಯಿಂದ ಬರಲೇಬಾರದು. ಅದು ಪ್ರಶ್ನೆಯಂತೆ ಕೇಳಿಸಿದರೂ ಆ ತಾಯಿಗೆ ತಟ್ಟುವುದು ಆರೋಪವಾಗಿ. 'ಆವತ್ತು ಬೆಳಗ್ಗೆಯಿಂದ ಏನೇನಾಯಿತು, ನಿಧಾನವಾಗಿ ಹೇಳಿ' ಅಂದರೆ ಸಾಕು. ಮಾತಾಡಲು ಮನಸ್ಸಿಲ್ಲ ಎಂದರೆ ಒತ್ತಾಯ ಮಾಡದೆ ಎದ್ದು ಬನ್ನಿ. ಎಷ್ಟೋ ಸಲ ಆ ತಾಯಂದಿರಿಗೆ ತಮ್ಮ ಮಗುವಿನ ಬಗ್ಗೆ ಯಾರಾದರೂ ಪೂರ್ತಿ ಕೇಳಿದ್ದು ಅದೇ ಮೊದಲ ಸಲ ಆಗಿರುತ್ತದೆ.

ಸಿಕ್ಕ ವಿವರಗಳನ್ನು ಏನು ಮಾಡುವುದು? ಇದಕ್ಕೆ ಅಮೆರಿಕದ ಹಲವು ಊರುಗಳಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ಅಲ್ಲಿ ಎರಡು ತಂಡಗಳಿರುತ್ತವೆ. ಮೊದಲ ತಂಡದಲ್ಲಿ ವೈದ್ಯರು, ನರ್ಸ್‌ಗಳು, ಸಮಾಜ ಕಾರ್ಯಕರ್ತರು. ಅವರು ಹೆಸರು ತೆಗೆದುಹಾಕಿದ ದಾಖಲೆಗಳನ್ನೂ ತಾಯಿ ಹೇಳಿದ ಮಾತನ್ನೂ ಜೊತೆಗಿಟ್ಟು ಓದುತ್ತಾರೆ. ಎಲ್ಲೆಲ್ಲಿ ಕೊಂಡಿ ತಪ್ಪಿತು ಎಂದು ಬರೆಯುತ್ತಾರೆ. ಎರಡನೇ ತಂಡದಲ್ಲಿ ಊರಿನವರು, ಸಂಘ-ಸಂಸ್ಥೆಗಳು, ಹಣ ಮಂಜೂರು ಮಾಡುವ ಅಧಿಕಾರ ಇರುವವರು. ಬರೆದದ್ದನ್ನು ಕೆಲಸವಾಗಿ ಮಾಡುವುದು ಇವರ ಹೊಣೆ. ಯಾರನ್ನೂ ಶಿಕ್ಷಿಸಲು ಆ ಮಾಹಿತಿ ಬಳಸಬಾರದು ಎನ್ನುವುದು ಮೊದಲೇ ಒಪ್ಪಿಕೊಂಡ ನಿಯಮ. ಈ ನಿಯಮ ಇಲ್ಲದಿದ್ದರೆ ನರ್ಸ್ ಸತ್ಯ ಹೇಳುವುದಿಲ್ಲ, ವೈದ್ಯರೂ ಹೇಳುವುದಿಲ್ಲ. ಆಗ ಕೊನೆಗೆ ತಪ್ಪೆಲ್ಲ ತಾಯಿಯ ತಲೆಗೇ ಬರುತ್ತದೆ.

ಒಂದೊಂದು ಸಾವನ್ನೂ ನೋಡುವಾಗ ಮೂರು ರೀತಿಯ ತಡಗಳನ್ನು ಹುಡುಕಿ. ತಾಯಂದಿರ ಸಾವಿನ ಬಗ್ಗೆ ಕೆಲಸ ಮಾಡಿದ ಸಂಶೋಧಕರು 1994ರಲ್ಲಿ ಇದನ್ನು ಬರೆದರು. ಮಕ್ಕಳಿಗೂ ಇದು ಅಷ್ಟೇ ಚೆನ್ನಾಗಿ ಹೊಂದುತ್ತದೆ. ಹೋಗಬೇಕು ಎಂದು ಮನೆಯಲ್ಲಿ ತೀರ್ಮಾನಿಸಲು ಆದ ತಡ ಒಂದು. ಆಸ್ಪತ್ರೆ ಮುಟ್ಟಲು ಆದ ತಡ ಇನ್ನೊಂದು. ಮುಟ್ಟಿದ ಮೇಲೆ ಚಿಕಿತ್ಸೆ ಸಿಗಲು ಆದ ತಡ ಮೂರನೆಯದು. ಹೆಚ್ಚಿನ ಸಂಘಗಳು ಮೊದಲನೆಯದನ್ನೇ ಹಿಡಿದು ಕೂರುತ್ತವೆ. ಕರಪತ್ರದಿಂದ ಸರಿಪಡಿಸಬಹುದು ಅನ್ನಿಸುವುದು ಅದೊಂದೇ ಅಲ್ವಾ? ಆದರೆ ಎಷ್ಟೋ ಮನೆಯವರು ಸರಿಯಾದ ಹೊತ್ತಿಗೇ ಹೊರಟಿರುತ್ತಾರೆ. ಬಾಗಿಲಲ್ಲಿ ಕಾಯುತ್ತಾ ಸಮಯ ಹೋಗಿರುತ್ತದೆ. ಅಲ್ಲಿಂದ ಇನ್ನೊಂದು ಆಸ್ಪತ್ರೆಗೆ, ಅಲ್ಲಿಂದ ಮತ್ತೊಂದಕ್ಕೆ ಕಳಿಸಿರುತ್ತಾರೆ. ಅಂಥ ಕಡೆ ಜಾಗೃತಿಗೆ ಖರ್ಚು ಮಾಡಿದರೆ, ಜಾಗೃತರಾದ ಜನ ಇನ್ನೂ ಬೇಗ ಬಂದು ಅದೇ ಬಾಗಿಲಲ್ಲಿ ಕಾಯುತ್ತಾರೆ.

ಇನ್ನು ಮಹಿಳೆಯರ ಗುಂಪುಗಳ ವಿಷಯ. ನಿಮ್ಮಂಥ ಸಂಘಕ್ಕೆ ನಿಜವಾಗಿ ಕೈಗೆಟಕುವ ಕೆಲಸ ಇದು. ಇದರ ಬಗ್ಗೆ ಗಟ್ಟಿ ಪುರಾವೆಗಳೂ ಇವೆ. ನೇಪಾಳದ ಮಕ್ವಾನ್‌ಪುರ ಜಿಲ್ಲೆಯಲ್ಲಿ ನಡೆದ ಪ್ರಯೋಗದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಅಲ್ಲಿ ಸ್ಥಳೀಯ ಮಹಿಳೆಯೊಬ್ಬರು ತಿಂಗಳಿಗೊಮ್ಮೆ ಗುಂಪು ಸೇರಿಸುತ್ತಿದ್ದರು. ಅವರು ನರ್ಸ್ ಆಗಿರಲಿಲ್ಲ, ಪಾಠವನ್ನೂ ಮಾಡುತ್ತಿರಲಿಲ್ಲ. ನಮ್ಮಲ್ಲಿ ಬಸುರಿಯರಿಗೆ, ಎಳೆಗೂಸುಗಳಿಗೆ ಏನೇನು ತೊಂದರೆ ಆಗುತ್ತಿದೆ? ಅದರಲ್ಲಿ ಮೊದಲು ಯಾವುದನ್ನು ಹಿಡಿಯೋಣ? ನಾವೇ ಏನು ಮಾಡಬಹುದು? ಮಾಡಿದ ಮೇಲೆ ಏನಾಯಿತು? ಈ ನಾಲ್ಕು ಹೆಜ್ಜೆಗಳ ಸುತ್ತ ಮಾತು ನಡೆಯುತ್ತಿತ್ತು. ಕೆಲವು ಗುಂಪುಗಳು ತುರ್ತಿಗೆಂದು ನಿಧಿ ಕೂಡಿಟ್ಟವು. ಕೆಲವು ಸ್ಟ್ರೆಚರ್ ವ್ಯವಸ್ಥೆ ಮಾಡಿಕೊಂಡವು. ಕೆಲವು ಶುಚಿಯಾದ ಹೆರಿಗೆಗೆ ಬೇಕಾದ ಕಿಟ್‌ಗಳನ್ನು ತಾವೇ ತಯಾರಿಸಿ ಹಂಚಿದವು. ಗುಂಪುಗಳಿದ್ದ ಕಡೆ ಮೊದಲ ತಿಂಗಳ ಸಾವು, ಗುಂಪುಗಳಿಲ್ಲದ ಕಡೆಗಿಂತ ಶೇ 30ರಷ್ಟು ಕಡಿಮೆಯಾಯಿತು. ಜಾರ್ಖಂಡ್ ಮತ್ತು ಒಡಿಶಾದಲ್ಲಿ ಏಕಜುಟ್ ಸಂಸ್ಥೆ ಇದೇ ರೀತಿ ಕೆಲಸ ಮಾಡಿತು. 2010ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಮೂರು ವರ್ಷಗಳ ಒಟ್ಟು ಲೆಕ್ಕದಲ್ಲಿ ಶೇ 32ರಷ್ಟು ಕಡಿಮೆ. ಕೊನೆಯ ಎರಡು ವರ್ಷಗಳನ್ನಷ್ಟೇ ನೋಡಿದರೆ ಶೇ 45.

ಆದರೆ ಇದೇ ಪ್ರಯೋಗ ಬಾಂಗ್ಲಾದೇಶದಲ್ಲಿ ಮೊದಲ ಸಲ ಫಲ ಕೊಡಲಿಲ್ಲ. ಈ ಭಾಗವನ್ನು ಸಂಘಗಳಿಗೆ ಯಾರೂ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಲ್ಲಿ ಸುಮಾರು 1,400 ಜನರಿಗೆ ಒಂದು ಗುಂಪು ಇತ್ತು. ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಂಶೋಧಕರು ಕೈಚೆಲ್ಲದೆ ಗುಂಪುಗಳ ಸಂಖ್ಯೆ ಹೆಚ್ಚಿಸಿದರು. ಸುಮಾರು 300 ಜನರಿಗೆ ಒಂದು ಗುಂಪು ಬಂತು, ಬಸುರಿಯರು ಹೆಚ್ಚು ಸಂಖ್ಯೆಯಲ್ಲಿ ಬರುವಂತೆ ನೋಡಿಕೊಂಡರು. 2013ರಲ್ಲಿ ಫಲಿತಾಂಶ ಬಂದಾಗ ಮೊದಲ ತಿಂಗಳ ಸಾವು ಶೇ 38ರಷ್ಟು ಕಡಿಮೆಯಾಗಿತ್ತು. ಅದೇ ವರ್ಷ ಇಂಥ ಏಳು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬಸುರಿಯರಲ್ಲಿ ಶೇ 30ರಷ್ಟಾದರೂ ಗುಂಪಿಗೆ ಬಂದ ಕಡೆ ಎಳೆಗೂಸುಗಳ ಸಾವು ಮೂರನೇ ಒಂದು ಭಾಗದಷ್ಟು ಇಳಿದಿತ್ತು.

ಇದರಿಂದ ನೀವು ಎತ್ತಿಕೊಳ್ಳಬೇಕಾದದ್ದು ಇಷ್ಟು. ಐವತ್ತು ಊರುಗಳಲ್ಲಿ ವರ್ಷಕ್ಕೆ ಒಂದೊಂದು ಶಿಬಿರ ಮಾಡುವ ಬದಲು, ಐದು ಊರು ಸಾಕು. ಅಲ್ಲಿ ತಿಂಗಳು ತಿಂಗಳೂ ತಪ್ಪದೆ ಗುಂಪು ಸೇರಲಿ. ಆ ಐದು ಊರಿನ ಬಸುರಿಯರಲ್ಲಿ ಮೂರರಲ್ಲಿ ಒಬ್ಬರಾದರೂ ಬರುತ್ತಿದ್ದಾರಾ ಎಂದು ಎಣಿಸಿ. ಬರದವರು ಯಾರು ಎಂದು ನೋಡಿ. ತೀರಾ ಬಡವರು, ಊರಿಂದ ದೂರದಲ್ಲಿ ಇರುವವರು, ಚಿಕ್ಕ ವಯಸ್ಸಿನ ಸೊಸೆಯಂದಿರು, ವಲಸೆ ಬಂದವರು ಬರದಿದ್ದರೆ ನಿಮ್ಮ ಗುಂಪು ತಪ್ಪು ಜಾಗದಲ್ಲಿ, ಇಲ್ಲವೇ ತಪ್ಪು ಹೊತ್ತಿನಲ್ಲಿ ಸೇರುತ್ತಿದೆ. ಮಕ್ಕಳ ಸಾವು ಜಾಸ್ತಿ ಇರುವುದು ಅವರ ಮನೆಗಳಲ್ಲೇ.

ಎರಡನೇ ಕೆಲಸ, ಮನೆ ಭೇಟಿ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ಸರ್ಚ್ ಸಂಸ್ಥೆ ಹಳ್ಳಿಯ ಮಹಿಳೆಯರಿಗೇ ತರಬೇತಿ ಕೊಟ್ಟಿತು. ಹೆರಿಗೆಯ ಹೊತ್ತಿನಲ್ಲಿ ಜೊತೆಗಿರುವುದು, ಉಸಿರಾಡದ ಮಗುವಿಗೆ ನೆರವಾಗುವುದು, ಮಗುವನ್ನು ಬೆಚ್ಚಗಿಡುವುದು, ನಂಜು ಗುರುತಿಸಿ ಆಂಟಿಬಯಾಟಿಕ್ ಕೊಡುವುದು, ಎಲ್ಲವನ್ನೂ ಅವರು ಕಲಿತರು. 1999ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೂರನೇ ವರ್ಷಕ್ಕೆ ಮೊದಲ ತಿಂಗಳ ಸಾವು ಶೇ 62ರಷ್ಟು ಇಳಿದಿತ್ತು. ಇಂಥ ಕೆಲಸಗಳ ಆಧಾರದ ಮೇಲೆಯೇ 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಮೊದಲ ವಾರದ ಮನೆ ಭೇಟಿಗೆ ಶಿಫಾರಸು ಮಾಡಿದವು. ಮನೆಯಲ್ಲಿ ಹೆರಿಗೆಯಾದರೆ ಮೊದಲ 24 ಗಂಟೆಯೊಳಗೆ ಒಂದು ಭೇಟಿ, ಮೂರನೇ ದಿನ ಇನ್ನೊಂದು, ಸಾಧ್ಯವಾದರೆ ವಾರದ ಕೊನೆಯೊಳಗೆ ಮತ್ತೊಂದು.

ನಿಮ್ಮ ಕಡೆ ಇಲಾಖೆಯ ಕಾರ್ಯಕರ್ತೆಯರು ಈಗಾಗಲೇ ಭೇಟಿ ಕೊಡುತ್ತಿರಬಹುದು. ಹಾಗಿದ್ದರೆ ನೀವು ಇನ್ನೊಂದು ಸಾಲು ಭೇಟಿ ಶುರು ಮಾಡಬೇಡಿ. ಅವರ ಭೇಟಿ ಯಾವ ದಿನ ತಪ್ಪುತ್ತಿದೆ, ಯಾಕೆ ತಪ್ಪುತ್ತಿದೆ ಎಂದು ಅವರ ಜೊತೆ ಕೂತು ನೋಡಿ. ಬಹಳ ಸಲ ಕಾರಣ ತೀರಾ ಸಣ್ಣದಿರುತ್ತದೆ. ಹೆರಿಗೆಯಾದ ಸುದ್ದಿಯೇ ಅವರಿಗೆ ನಾಲ್ಕು ದಿನ ತಡವಾಗಿ ತಲುಪಿರುತ್ತದೆ. ಬಾಣಂತಿ ತವರಿಗೆ ಹೋಗಿರುತ್ತಾಳೆ, ಅಲ್ಲಿನ ಕಾರ್ಯಕರ್ತೆಗೆ ಇವಳು ಬಂದದ್ದು ಗೊತ್ತಿರುವುದಿಲ್ಲ. ಒಬ್ಬರ ಮೇಲೆಯೇ ಎಲ್ಲಾ ಕಾರ್ಯಕ್ರಮಗಳ ಭಾರ ಬಿದ್ದಿರುತ್ತದೆ. ಹೆರಿಗೆಯಾದ ದಿನವೇ ಸುದ್ದಿ ಮುಟ್ಟಿಸುವ ಒಂದು ಫೋನ್ ಸರಪಳಿ ನಿಮ್ಮ ಸಂಘದಿಂದ ಆಗಬಹುದು. ಅದಕ್ಕೆ ದಾನಿಯ ಹಣವೂ ಬೇಕಾಗಿಲ್ಲ.

ಭೇಟಿಯಲ್ಲಿ ನೋಡಬೇಕಾದ ಅಪಾಯದ ಲಕ್ಷಣಗಳನ್ನು ಗುಂಪಿನ ಪ್ರತಿ ಮಹಿಳೆಯೂ, ಮನೆಯ ಅಪ್ಪ-ಅಜ್ಜಿಯರೂ ತಿಳಿದಿರಬೇಕು. ಮಗು ಸರಿಯಾಗಿ ಹಾಲು ಕುಡಿಯುತ್ತಿಲ್ಲ. ಫಿಟ್ಸ್ ಬಂದಿದೆ. ಸುಮ್ಮನಿದ್ದಾಗಲೂ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದೆ. ಉಸಿರೆಳೆದಾಗ ಎದೆಯ ಕೆಳಭಾಗ ಜೋರಾಗಿ ಒಳಕ್ಕೆ ಹೋಗುತ್ತಿದೆ. ತಾನಾಗಿ ಕೈಕಾಲು ಆಡಿಸುತ್ತಿಲ್ಲ. ಮೈ ಬಿಸಿ 37.5 ಡಿಗ್ರಿ ಸೆಲ್ಸಿಯಸ್ ದಾಟಿದೆ, ಇಲ್ಲವೇ 35.5ಕ್ಕಿಂತ ಕೆಳಗಿದೆ. ಮೊದಲ ದಿನವೇ ಮೈ ಹಳದಿಯಾಗಿದೆ, ಅಥವಾ ಯಾವಾಗಲಾದರೂ ಅಂಗೈ, ಅಂಗಾಲು ಹಳದಿಯಾಗಿದೆ. ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಎನ್ನುವಂತಿಲ್ಲ, ಆಗಲೇ ಹೊರಡಬೇಕು. ಎಳೆಗೂಸಿನ ಮೈ ತಣ್ಣಗಾಗುವುದು ಜ್ವರದಷ್ಟೇ ಕೆಟ್ಟದ್ದು ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಇದನ್ನು ಎರಡೆರಡು ಸಲ ಹೇಳಿ.

ಯಂತ್ರದ ಪ್ರಶ್ನೆಗೆ ಈಗ ಬರುತ್ತೇನೆ. ಎಳೆಗೂಸನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಕೊಡಿಸಿ ಫೋಟೋ ತೆಗೆಸಿಕೊಳ್ಳುವ ಆಸೆ ದಾನಿಗಳಿಗೆ ಇರುವುದು ಸಹಜ. ಆದರೆ 1978ರ ಹೊತ್ತಿಗೆ ಕೊಲಂಬಿಯಾದ ಬೊಗೋಟಾದಲ್ಲಿ ಏನಾಯಿತು ನೋಡಿ. ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಸಾಲುತ್ತಿರಲಿಲ್ಲ, ಒಂದರಲ್ಲೇ ಎರಡು-ಮೂರು ಮಕ್ಕಳನ್ನು ಮಲಗಿಸುತ್ತಿದ್ದರು, ನಂಜು ಹರಡುತ್ತಿತ್ತು. ಡಾ. ಎಡ್ಗರ್ ರೇ ಸನಾಬ್ರಿಯಾ ಪುಟ್ಟ ಮಕ್ಕಳನ್ನು ತಾಯಿಯ ಎದೆಗೇ, ಮೈಗೆ ಮೈ ತಾಗುವಂತೆ ಕಟ್ಟಿಸಿದರು. ಕಾಂಗರೂ ಆರೈಕೆ ಎಂದು ಈಗ ಎಲ್ಲರೂ ಕರೆಯುವುದು ಇದನ್ನೇ. ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ ಒಂದರಿಂದ 1.8 ಕೆ.ಜಿ. ತೂಕದೊಳಗಿನ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿ ನೋಡಿದರು. ಮಗುವಿನ ಸ್ಥಿತಿ ಸುಧಾರಿಸಲಿ ಎಂದು ಕಾದು ಆಮೇಲೆ ಶುರು ಮಾಡಿದ್ದಕ್ಕೆ ಹೋಲಿಸಿದರೆ, ಮೊದಲ ತಿಂಗಳ ಸಾವು ಶೇ 25ರಷ್ಟು ಕಡಿಮೆ ಎಂದು 2021ರಲ್ಲಿ ವರದಿಯಾಯಿತು. ಹಾಗಾಗಿ ಯಂತ್ರ ಕೊಳ್ಳುವ ಮುಂಚೆ ಆ ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿಗೆ ಹೋಗಿ. ತಾಯಿಗೆ ಅಲ್ಲಿ ಮಲಗಲು ಹಾಸಿಗೆ ಇದೆಯಾ? ಒರಗಿ ಕೂರಲು ಕುರ್ಚಿ? ಊಟ, ಶೌಚಾಲಯ? ರಾತ್ರಿ ಅವಳನ್ನು ಒಳಗೆ ಬಿಡುತ್ತಾರಾ? ಇಲ್ಲ ಎಂದರೆ ದಾನಿಯ ಹಣಕ್ಕೆ ಅದೇ ಒಳ್ಳೆಯ ಜಾಗ.

ಉಸಿರಾಟದ ವಿಷಯವೂ ಹೀಗೇ. ಹುಟ್ಟುವ ಹತ್ತು ಮಕ್ಕಳಲ್ಲಿ ಒಂದಕ್ಕೆ ಉಸಿರಾಟ ಶುರುವಾಗಲು ಏನಾದರೂ ನೆರವು ಬೇಕಾಗುತ್ತದೆ. ಹೆಚ್ಚಿನವಕ್ಕೆ ಒರೆಸಿ, ಬೆನ್ನುಜ್ಜಿ ಎಚ್ಚರಿಸಿದರೆ ಸಾಕು. ಕೆಲವಕ್ಕೆ ಚೀಲ ಮತ್ತು ಮಾಸ್ಕ್‌ನಿಂದ ಗಾಳಿ ಕೊಡಬೇಕು. ಇದೆಲ್ಲ ಮೊದಲ ಒಂದು ನಿಮಿಷದೊಳಗೆ ಶುರುವಾಗಬೇಕು. ದೊಡ್ಡ ಯಂತ್ರ ಬೇಕಾಗುವುದು ನೂರರಲ್ಲಿ ಒಂದು ಮಗುವಿಗೂ ಅಪರೂಪ. ಬೇಕಿರುವುದು ರಾತ್ರಿ ಎರಡು ಗಂಟೆಗೆ ಡ್ಯೂಟಿಯಲ್ಲಿ ಇರುವ ನರ್ಸ್‌ಗೆ ಆ ಕೈಚಳಕ. ಒಮ್ಮೆ ತರಬೇತಿ ಕೊಟ್ಟು ಪ್ರಮಾಣಪತ್ರ ಕೊಟ್ಟರೆ ಅದು ಕೆಲವೇ ತಿಂಗಳಲ್ಲಿ ಮರೆಯುತ್ತದೆ. ಗೊಂಬೆಯ ಮೇಲೆ ಆಗಾಗ, ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡುತ್ತಿರಬೇಕು. ಆ ಗೊಂಬೆ, ಆ ಚೀಲ-ಮಾಸ್ಕ್, ಅಭ್ಯಾಸಕ್ಕೆ ಮೀಸಲಾದ ಹೊತ್ತು, ಇವುಗಳಿಗೆ ಹಣ ಕೊಡಿ.

ಒಂದು ಕಡೆ ಗೆದ್ದದ್ದು ಎಲ್ಲಾ ಕಡೆ ಗೆಲ್ಲುತ್ತದೆ ಅಂತಲೂ ಇಲ್ಲ. ಹೊಕ್ಕುಳ ಬಳ್ಳಿಗೆ ಕ್ಲೋರ್‌ಹೆಕ್ಸಿಡಿನ್ ಎಂಬ ನಂಜು ತಡೆಯುವ ಔಷಧಿ ಹಚ್ಚುವುದರಿಂದ ನೇಪಾಳದಲ್ಲಿ ಸಾವು ಶೇ 24ರಷ್ಟು ಇಳಿಯಿತು ಎಂದು 2006ರಲ್ಲಿ ಕಂಡಿತು. ಹತ್ತು ವರ್ಷದ ನಂತರ ಜಾಂಬಿಯಾ ಮತ್ತು ಟಾಂಜಾನಿಯಾದ ಪೆಂಬಾ ದ್ವೀಪದಲ್ಲಿ ಅದರಿಂದ ಲಾಭ ಕಾಣಲಿಲ್ಲ. ದಿನ ತುಂಬದ ಹೆರಿಗೆಯ ಸೂಚನೆ ಇರುವ ತಾಯಂದಿರಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಒಳ್ಳೆಯ ಆಸ್ಪತ್ರೆಗಳಲ್ಲಿ ಮಕ್ಕಳನ್ನು ಉಳಿಸುತ್ತದೆ. ಅದನ್ನೇ ಸೌಲಭ್ಯ ಕಡಿಮೆ ಇರುವ ಕಡೆ ವ್ಯಾಪಕವಾಗಿ ಹಂಚಿದ ಒಂದು ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ಮಕ್ಕಳ ಸಾವು ಸ್ವಲ್ಪ ಹೆಚ್ಚಿತ್ತು ಎಂದು 2015ರಲ್ಲಿ ತಿಳಿಯಿತು. ಅದಕ್ಕೇ ನಿಮ್ಮ ಊರಿನ ಸಾವುಗಳ ವಿವರ ಮೊದಲು ಬೇಕು ಎಂದದ್ದು.

ನಿಮ್ಮ ಕಿಟ್ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಫಿನ್ಲೆಂಡ್‌ನಲ್ಲಿ 1938ರಿಂದ ಬಡ ತಾಯಂದಿರಿಗೆ, 1949ರಿಂದ ಎಲ್ಲರಿಗೂ ಮಗುವಿನ ಬಟ್ಟೆ-ಬರೆ ತುಂಬಿದ ಪೆಟ್ಟಿಗೆ ಕೊಡುತ್ತಿದ್ದಾರೆ. ಜಗತ್ತೆಲ್ಲ ಆ ಪೆಟ್ಟಿಗೆಯನ್ನು ಮೆಚ್ಚುತ್ತದೆ. ಅದರ ಹಿಂದಿನ ಷರತ್ತನ್ನು ಮಾತ್ರ ಮರೆಯುತ್ತದೆ. ಅದು ಸಿಗಬೇಕಾದರೆ ಬಸುರಿ ನಾಲ್ಕು ತಿಂಗಳು ಮುಗಿಯುವ ಮೊದಲೇ ತಾಯಂದಿರ ಕ್ಲಿನಿಕ್‌ಗೆ ಅಥವಾ ವೈದ್ಯರಲ್ಲಿಗೆ ಹೋಗಿರಬೇಕು. ಬೇಗ ಕ್ಲಿನಿಕ್‌ಗೆ ಹೋದವಳ ರಕ್ತದೊತ್ತಡ, ರಕ್ತಹೀನತೆ ಬೇಗ ಗೊತ್ತಾಗುತ್ತದೆ, ನರ್ಸ್‌ನ ಪರಿಚಯವೂ ಆಗುತ್ತದೆ. ನಿಮ್ಮ ಕಿಟ್ ಕೂಡ ಹೆರಿಗೆ ಆದ ಮೇಲಿನ ಉಡುಗೊರೆಯಾಗುವ ಬದಲು, ಬಸುರಿನ ಮೊದಲ ತಿಂಗಳುಗಳಲ್ಲೇ ತಪಾಸಣೆಗೆ ಕರೆದು ತರುವ ನೆಪವಾಗಲಿ. ಒಂದು ಎಚ್ಚರಿಕೆ, ಷರತ್ತು ಪೂರೈಸಲಾಗದ ಬಡ ತಾಯಿಯನ್ನು ಬರಿಗೈಲಿ ಕಳಿಸಬೇಡಿ. ಅವಳಿಗೆ ಯಾಕೆ ಬರಲಾಗಲಿಲ್ಲ ಎಂದು ತಿಳಿದುಕೊಳ್ಳಿ.

ತಿಂಗಳು ದಾಟಿದ ಮಕ್ಕಳ ಸಾವು ನಿಮ್ಮಲ್ಲಿ ಜಾಸ್ತಿ ಇದ್ದರೆ ಚಿತ್ರವೇ ಬೇರೆ. ಲಸಿಕೆ, ಆರು ತಿಂಗಳವರೆಗೆ ಬರೀ ಎದೆಹಾಲು, ನ್ಯುಮೋನಿಯಾಕ್ಕೆ ಬೇಗ ಚಿಕಿತ್ಸೆ, ಭೇದಿಗೆ ಒಆರ್‌ಎಸ್ ಮತ್ತು ಸತು (ಜಿಂಕ್), ಮಗುವನ್ನು ಅಂಗಾತ ಮಲಗಿಸುವುದು, ಎರಡು ಹೆರಿಗೆಗಳ ನಡುವೆ ಸಾಕಷ್ಟು ಅಂತರ, ಇವೆಲ್ಲ ನಿಮಗೆ ಗೊತ್ತೇ ಇದೆ. ಕಲಿಸುವ ರೀತಿಯ ಬಗ್ಗೆ ಮಾತ್ರ ಒಂದು ಪ್ರಸಂಗ ಹೇಳಬೇಕು. 1980ರಿಂದ 1990ರವರೆಗೆ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ, ಭೇದಿಯಾದಾಗ ಕುಡಿಸುವ ಉಪ್ಪು-ಬೆಲ್ಲದ ನೀರು ಮಾಡುವುದನ್ನು ತಾಯಂದಿರಿಗೆ ಎದುರು ಕೂತು ಕಲಿಸಿದರು. ಆಮೇಲೆ ಬೇರೆಯವರು ಕೆಲವು ಮನೆಗಳಿಗೆ ಹೋಗಿ ತಾಯಿಗೆ ಎಷ್ಟು ನೆನಪಿದೆ ಎಂದು ಪರೀಕ್ಷಿಸುತ್ತಿದ್ದರು. ಕಾರ್ಯಕರ್ತೆಯ ಸಂಬಳ ನಿಂತಿದ್ದದ್ದು ಅದರ ಮೇಲೆ. ಎಷ್ಟು ಮನೆಗೆ ಹೋದೆ ಎನ್ನುವುದಕ್ಕೆ ಬೆಲೆ ಇರಲಿಲ್ಲ, ಎಷ್ಟು ಜನ ಕಲಿತರು ಎನ್ನುವುದಕ್ಕೆ ಇತ್ತು. ಆದರೂ ಶುರುವಿನಲ್ಲಿ ತಾಯಂದಿರು ಕಲಿತರೇ ಹೊರತು ಬಳಸಲಿಲ್ಲ. ಯಾಕೆ ಎಂದು ಹುಡುಕಿದಾಗ, ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ ಎನ್ನುವುದು ಒಂದು ಕಾರಣವಾಗಿ ಸಿಕ್ಕಿತು. ಕಲಿಸುವವರಲ್ಲೇ ಎಷ್ಟೋ ಜನಕ್ಕೆ ಅದರ ಮೇಲೆ ನಂಬಿಕೆ ಇರಲಿಲ್ಲ ಎನ್ನುವುದು ಇನ್ನೊಂದು. ಎರಡನ್ನೂ ಸರಿಪಡಿಸಿದ ಮೇಲೆ ಬಳಕೆ ಹೆಚ್ಚಿತು. ನಿಮ್ಮ ಜಾಗೃತಿ ಕಾರ್ಯಕ್ರಮದ ವರದಿಯಲ್ಲಿ 'ಭಾಗವಹಿಸಿದವರು ಇಷ್ಟು' ಎಂಬ ಸಾಲಿನ ಪಕ್ಕ 'ತಿಂಗಳ ನಂತರ ಮಾಡುತ್ತಿರುವವರು ಇಷ್ಟು' ಎಂಬ ಸಾಲೂ ಬರಲಿ.

ಆರೋಗ್ಯ ಇಲಾಖೆಯ ಜೊತೆ ಸೇರುವುದು ಎಂದರೆ ಏನು ಎಂಬುದನ್ನೂ ಸ್ಪಷ್ಟ ಮಾಡಿಕೊಳ್ಳಿ. ಸಾಮಾನ್ಯವಾಗಿ ಇಲಾಖೆ ಕಾರ್ಯಕ್ರಮ ತೀರ್ಮಾನಿಸುತ್ತದೆ, ಸಂಘ ಜನ ಸೇರಿಸುತ್ತದೆ. ಅದು ಪಾಲುದಾರಿಕೆ ಅಲ್ಲ. ಮಾಹಿತಿ ಎರಡೂ ಕಡೆ ಹರಿಯಬೇಕು. ಹೆರಿಗೆಯ, ಕಡಿಮೆ ತೂಕದ ಮಕ್ಕಳ ಲೆಕ್ಕ ಅವರಿಂದ ನಿಮಗೆ ಬರಬೇಕು. ಮನೆಯವರು ಕಂಡ ತೊಂದರೆಗಳು ನಿಮ್ಮಿಂದ ಅವರಿಗೆ ಹೋಗಬೇಕು. ಪ್ರತಿ ತಿಂಗಳು ಸೇರುವ ಸಭೆಯಲ್ಲಿ ಮಗು ಕಳೆದುಕೊಂಡ, ಮಾತಾಡಲು ಒಪ್ಪಿದ ತಾಯಂದಿರಿಗೂ ಕುರ್ಚಿ ಇರಲಿ, ತೀರ್ಮಾನದಲ್ಲಿ ಅವರ ಮಾತಿಗೆ ತೂಕ ಇರಲಿ. ಹೋದ ತಿಂಗಳು ಒಪ್ಪಿಕೊಂಡದ್ದು ಆಯಿತಾ ಎಂಬುದೇ ಸಭೆಯ ಮೊದಲ ವಿಷಯವಾಗಲಿ. ಕೆಳಹಂತದ ಕಾರ್ಯಕರ್ತೆಯರನ್ನು ದೂರುವ ಜಾಗವಾಗಿ ಆ ಸಭೆ ಬದಲಾಗದಂತೆ ಕಾಯುವ ಹೊಣೆ ನಿಮ್ಮದು. ಈ ಇಡೀ ಕೆಲಸ ನಿಂತಿರುವುದು ಅವರ ಕಾಲುಗಳ ಮೇಲೆ. ಅವರ ಸಂಬಳ, ಓಡಾಟದ ಖರ್ಚು, ಮರ್ಯಾದೆಗಾಗಿ ನಿಮ್ಮ ಸಂಘ ಗಟ್ಟಿಯಾಗಿ ಮಾತಾಡಿದರೆ ಅದೂ ಮಕ್ಕಳನ್ನು ಉಳಿಸುವ ಕೆಲಸವೇ.

ಲೆಕ್ಕದ ಬಗ್ಗೆ ಒಂದು ಎಚ್ಚರಿಕೆ ಕೊಡಲೇಬೇಕು. ಸರಿಯಾಗಿ ಎಣಿಸಲು ಶುರು ಮಾಡಿದ ಮೊದಲ ವರ್ಷ ಸಾವು ಹೆಚ್ಚಾದಂತೆ ಕಾಣುತ್ತದೆ. ಹುಟ್ಟಿ ಒಂದು ಗಂಟೆಯಲ್ಲಿ ಸತ್ತ ಮಗುವನ್ನು ಮುಂಚೆ ಎಷ್ಟೋ ಸಲ ಸತ್ತೇ ಹುಟ್ಟಿತು ಎಂದು ಬರೆದಿರುತ್ತಾರೆ, ಅಥವಾ ಬರೆದೇ ಇರುವುದಿಲ್ಲ. ಇದನ್ನು ದಾನಿಗೂ ಅಧಿಕಾರಿಗಳಿಗೂ ಮೊದಲೇ ಹೇಳಿಡಿ. ಇನ್ನೊಂದು, ನಿಮ್ಮದು ಸಣ್ಣ ಪ್ರದೇಶ. ವರ್ಷಕ್ಕೆ 400 ಹೆರಿಗೆ, ಸಾವಿರಕ್ಕೆ 25ರ ಪ್ರಮಾಣ ಎಂದುಕೊಳ್ಳಿ. ಆಗ ವರ್ಷಕ್ಕೆ 10 ಸಾವು. ಮುಂದಿನ ವರ್ಷ ಅದು 7 ಆದರೂ 13 ಆದರೂ ಬರೀ ಆಕಸ್ಮಿಕ ಇರಬಹುದು. 7 ಬಂತೆಂದು ಹಾರ ಹಾಕಿಸಿಕೊಳ್ಳಬೇಡಿ, 13 ಬಂತೆಂದು ಕೆಲಸ ನಿಲ್ಲಿಸಬೇಡಿ. ಮೂರು ವರ್ಷದ ಸಾವನ್ನು ಒಟ್ಟಿಗೆ ನೋಡಿ. ತಿಂಗಳು ತಿಂಗಳೂ ನೋಡಲು ಬೇರೆ ಅಳತೆ ಇಟ್ಟುಕೊಳ್ಳಿ. ಮೊದಲ ಎರಡು ದಿನದಲ್ಲಿ ಭೇಟಿ ಸಿಕ್ಕ ಮಕ್ಕಳು ಎಷ್ಟು? ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಲ್ಲಿ ತಾಯಿಯ ಎದೆಗೆ ಮೈ ತಾಗಿಸಿ ಇಟ್ಟದ್ದು ಎಷ್ಟು? ಅಪಾಯದ ಲಕ್ಷಣ ಕಂಡಾಗಿನಿಂದ ಚಿಕಿತ್ಸೆ ಶುರುವಾಗುವವರೆಗೆ ಎಷ್ಟು ಗಂಟೆ ಹಿಡಿಯಿತು? ಇವು ಬದಲಾಗುತ್ತಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಇಲಾಖೆಯ ಅಧಿಕಾರಿಯನ್ನು ಭೇಟಿಯಾಗುವಾಗ ಮೊದಲ ದಿನವೇ ಮೂರು ವಿಷಯ ಬರಹದಲ್ಲಿ ಕೇಳಿ. ಸಾವಿನ ವಿಮರ್ಶೆಯಲ್ಲಿ ಕೂರಲು ನಿಮ್ಮ ಸಂಘದ ಇಬ್ಬರಿಗೆ ಅನುಮತಿ. ಹುಷಾರಿಲ್ಲದ ಎಳೆಗೂಸು ಬಂದರೆ ಹಗಲು-ರಾತ್ರಿ ಯಾರು ನೋಡುತ್ತಾರೆ ಎಂಬ ಹೆಸರು ಮತ್ತು ಫೋನ್ ನಂಬರ್. ನವಜಾತ ಶಿಶುಗಳ ವಾರ್ಡಿನಲ್ಲಿ ತಾಯಿ ಇಪ್ಪತ್ತನಾಲ್ಕು ಗಂಟೆಯೂ ಇರಬಹುದು ಎಂಬ ಆದೇಶ. ಮೂರಕ್ಕೂ ಹಣ ಬೇಕಿಲ್ಲ, ಹಾಗಾಗಿ ಇಲ್ಲ ಎನ್ನಲು ಕಾರಣ ಕಡಿಮೆ. ಇವು ಸಿಗುವ ಹೊತ್ತಿಗೆ ನಿಮ್ಮ ವಿಚಾರಣೆಯ ವಿವರಗಳೂ ಕೈಗೆ ಬಂದಿರುತ್ತವೆ. ಆಗ ದಾನಿಯನ್ನು ಕರೆದು ಕೂರಿಸಿ, ಆ ವಿವರಗಳನ್ನು ಮುಂದಿಟ್ಟು, ಹಣ ಎಲ್ಲಿಗೆ ಹೋಗಬೇಕೆಂದು ಗುಂಪಿನ ಮಹಿಳೆಯರಿಂದಲೇ ಹೇಳಿಸಿ.